ಬಗ್ಗಿದವನ ಹೆಸರು

ಹೆಸರಿಗೆ ಕಾಲ್ಚೆಂಡು; ಆಟವೆಲ್ಲ ಕೈಯಲ್ಲೇ.
ಅದರಲ್ಲೂ ಲೆನ್ ವ್ರೂಬೆಲ್‌ನದು ವಿಚಿತ್ರ ಕಸುಬು:
ಕಾಲಗಲಿಸಿ ಬಗ್ಗುವುದು, ತೊಡೆಗಳ ಸಂದಿಯಿಂದ
ಹದಿನೈದು ಗಜ ಹಿಂದೆ ನಿಂತವನ ಅಂಗೈಗೆ
ಮುಕ್ಕಾಲು ಸೆಕೆಂಡಿನಲ್ಲಿ ಚೆಂಡು ದಾಟಿಸುವುದು,
ಆಮೇಲೆ ಎದುರಿನವರು ತನ್ನ ಮೇಲೆ ಬೀಳುವುದನ್ನು
ಕಾಯುವುದು.

ಹನ್ನೊಂದು ವರ್ಷ ಇಷ್ಟೇ.
ಹನ್ನೊಂದು ವರ್ಷ ಅವನು ಕಂಡ ಮೈದಾನ ತಲೆಕೆಳಗು:
ಆಕಾಶ ಕೆಳಗೆ, ಹುಲ್ಲು ಮೇಲೆ,
ಜನರೆಲ್ಲ ಬಾವಲಿಗಳ ಹಾಗೆ ಗ್ಯಾಲರಿಗೆ ಜೋತುಬಿದ್ದು.

ವ್ರೂಬೆಲ್ ಅಂದರೆ ಅವನ ಅಜ್ಜಿಯ ಪೋಲಿಷ್‌ನಲ್ಲಿ ಗುಬ್ಬಚ್ಚಿ.
ನೂರಿಪ್ಪತ್ತು ಕಿಲೊ ಗುಬ್ಬಚ್ಚಿ.
ಸರಿಯಾಗಿ ಎಸೆದಷ್ಟು ದಿನ ಯಾರೂ ಆ ಹೆಸರೆತ್ತಲಿಲ್ಲ.
ಒಂದೇ ಒಂದು ಡಿಸೆಂಬರ್, ಈರಿ ಸರೋವರದ ಗಾಳಿಗೆ
ಬೆರಳು ಮರಗಟ್ಟಿ ಚೆಂಡು ತಲೆ ಮೇಲಿಂದ ಹಾರಿತು ನೋಡಿ,
ಮರುದಿನ ಟೊಲೆಡೊದ ಬ್ರೆಡ್ಡಿನಂಗಡಿಯ ಮುದುಕಿಗೂ
ಆ ಹೆಸರಿನ ಕಾಗುಣಿತ ಬಾಯಿಪಾಠ.

ಮಂಡಿ ಸವೆದ ಮೇಲೆ ರೇಡಿಯೊಗೆ ಬಂದ.
ಕಾಮೆಂಟರಿ ಗೂಡು ಮೈದಾನದ ನೆತ್ತಿಯ ಮೇಲೆ.
ಮೊದಲ ದಿನ ಕೆಳಗೆ ಬಗ್ಗಿ ನೋಡಿ,
"ಇಷ್ಟು ಅಗಲವೇನೇ ಇದು?" ಅಂದ.
ನಾನು ಮಾರ್ವಾ. ಪಕ್ಕದಲ್ಲಿ ದುರ್ಬೀನು ಹಿಡಿದು
ಯಾರು ಬಿದ್ದರು, ಯಾರು ಬೀಳಿಸಿದರು,
ಚೀಟಿಯಲ್ಲಿ ಬರೆದು ಅವನ ಮೊಣಕೈ ಕೆಳಗೆ ಸರಿಸುವವಳು.
ಹತ್ತೊಂಬತ್ತು ವರ್ಷ. ನನ್ನ ಮದುವೆಗಿಂತ ಉದ್ದ.

ಮೊದಮೊದಲು ಮಾತೇ ಬರದು. "ಹಾಂ... ಚೆನ್ನಾಗಿ ಒದ್ದ"
ಎನ್ನುವಷ್ಟರಲ್ಲಿ ಮುಂದಿನ ಆಟ ಮುಗಿದಿರುತ್ತಿತ್ತು.
ಟೈರಿನಂಗಡಿಯ ಜಾಹೀರಾತು ಓದುತ್ತ ಬೆವರುತ್ತಿದ್ದ,
ಸಾಸೇಜಿನದಾದರೆ ಮಾತ್ರ ದನಿಗೆ ಜೀವ.
ಆದರೆ ಒಂದು ಹಟ: ಕಂಬಗಳ ನಡುವೆ ಚೆಂಡು ತೂರಿದಾಗೆಲ್ಲ
ಒದ್ದವನಿಗೂ ಮೊದಲು, ಹಿಡಿದು ನಿಲ್ಲಿಸಿದವನಿಗೂ ಮೊದಲು
ಬಗ್ಗಿದವನ ಹೆಸರು. ಪೂರ್ತಿ ಹೆಸರು, ಊರಿನ ಸಮೇತ.
"ಎಸೆದವನು ಕೀಫರ್ ಓಲ್ಡಮ್, ನೆಬ್ರಾಸ್ಕದ ಬ್ರೋಕನ್ ಬೋ."

ಮ್ಯಾನೇಜರು ಕರೆದು ಕೇಳಿದ: ಯಾರಿಗೆ ಬೇಕಪ್ಪ ಇದು?
ಆ ಐದು ಸೆಕೆಂಡಿಗೆ ಒಂದು ಜಾಹೀರಾತು ಹಿಡಿಯುತ್ತೆ.
ಲೆನ್ ತಲೆಯಾಡಿಸಿದ. ಮುಂದಿನ ಭಾನುವಾರ
ಹುಡುಗನ ಅಪ್ಪನ ಕಸುಬನ್ನೂ ಸೇರಿಸಿ ಹೇಳಿದ.

ಈಗೀಗ ಚೀಟಿಯ ಅಕ್ಷರ ದೊಡ್ಡದು ಮಾಡಿದ್ದೇನೆ.
ಕಣ್ಣು ಮಂಜು ಎಂದು ಹೊರಗಿನವರಿಗೆ ಹೇಳಿಕೆ.
ಅಂದು ತಲೆಗೆ ಬಿದ್ದ ಏಟುಗಳು
ಬಡ್ಡಿ ಸಮೇತ ವಸೂಲಿಗೆ ಬಂದಿವೆ.
ಮೈಕಿಗೆ ಕೈ ಮುಚ್ಚಿ ಕೇಳುತ್ತಾನೆ:
ಇದು ಮೂರನೇ ಕ್ವಾರ್ಟರೋ, ನಾಲ್ಕನೆಯದೋ?
ನಾನು ಬೆರಳೆತ್ತಿ ತೋರಿಸುತ್ತೇನೆ.

ಹೋದ ನವೆಂಬರಿನಲ್ಲಿ ಎದುರು ತಂಡದ ಹುಡುಗ,
ಇಪ್ಪತ್ತೆರಡರ ಎಳಸು, ಬಗ್ಗಿದ. ಗಾಳಿ.
ಚೆಂಡು ತಲೆ ಮೇಲಿಂದ ಹೋಯಿತು.
ನಮ್ಮೂರು ಎದ್ದು ಕುಣಿಯಿತು.
ಲೆನ್ ಸುಮ್ಮನಾದ. ಒಂದು, ಎರಡು... ಏಳು ಸೆಕೆಂಡು.
ರೇಡಿಯೊದಲ್ಲಿ ಏಳು ಸೆಕೆಂಡು ಅಂದರೆ ಸಾವಿನ ಮನೆ.
ಕಿವಿಯಲ್ಲಿ ಪ್ರೊಡ್ಯೂಸರ್ ಕಿರುಚುತ್ತಿದ್ದ.
ಹುಡುಗನ ಹೆಸರು ಬರೆದು ಸರಿಸಿದೆ.
ನೋಡಿದ. ಮಡಚಿ ಜೇಬಿಗಿಟ್ಟ.
"ಸರೋವರದ ಕಡೆಯ ಗಾಳಿ," ಅಂದ ಮೈಕಿಗೆ,
"ಬೆರಳು ಮರಗಟ್ಟಿರುತ್ತೆ.
ಎಸೆದವನು ವ್ರೂಬೆಲ್. ಟೊಲೆಡೊ.
ಅಪ್ಪ ಗಾಜಿನ ಕಾರ್ಖಾನೆಯಲ್ಲಿ."

ಮರೆತು ಹೇಳಿದನೋ, ಹುಡುಗನನ್ನು ಮರೆಸಲು ಹೇಳಿದನೋ
ನಾನು ಕೇಳಲಿಲ್ಲ.
ಚೀಟಿ ಈಗಲೂ ಅವನ ಕೋಟಿನಲ್ಲೇ ಇರಬೇಕು.

ಹೊರಗೆ, ಕಾರು ನಿಲ್ಲಿಸಿದಲ್ಲಿ, ಹಿಮ.
ಬೂಟಿನ ಲಾಡಿ ಕಟ್ಟಲು ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.
ಹೆದರಿ ಹತ್ತಿರ ಹೋದೆ.
ಕಾಲಸಂದಿಯಿಂದ ನನ್ನನ್ನೇ ನೋಡುತ್ತಿದ್ದ, ಮುಖ ಕೆಂಪಗಾಗಿ.
"ಮಾರ್ವಾ, ಇನ್ನು ನಾಲ್ಕು ಹೆಜ್ಜೆ ಹಿಂದೆ ನಿಲ್ಲು.
ಕೈ ಮುಂದೆ ಹಿಡಿ."

ಒಂದು ಕೈಯಲ್ಲಿ ಕಾರಿನ ಕೀಲಿ, ಇನ್ನೊಂದರಲ್ಲಿ ದುರ್ಬೀನು.
ಎರಡನ್ನೂ ಹಿಮದ ಮೇಲಿಟ್ಟೆ.